ಡಬ್ಬಿಯ ಕೆಳಗಿನ ಭಾಗ

ನಾನು ಬಾಡಿಗೆಗಿರುವ ಕೋಣೆಯ ಕೆಳಗೆ ಎಂಬ್ರಾಯ್ಡರಿ ಯಂತ್ರವೊಂದಿದೆ. ಅದು ಓಡುವಾಗ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಾಗುತ್ತದೆ. ಗಂಗಾವತಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಲು ಅತಿಥಿ ಉಪನ್ಯಾಸಕಿಯಾಗಿ ಸೇರಿದ ವರ್ಷ ಈ ಕೋಣೆ ಹಿಡಿದೆ. ಮೊದಮೊದಲು ಆ ನಡುಕ ಕಿರಿಕಿರಿ ಅನ್ನಿಸುತ್ತಿತ್ತು. ಆಮೇಲೆ ಅದರ ಲಯ ತಿಳಿಯಿತು. ಒಂದು ಹೂವಿನಷ್ಟು ಹೊತ್ತು ಒಂದೇ ಸಮನೆ ಓಟ, ಕ್ಷಣದ ಬಿಡುವು, ಮತ್ತೆ ಇನ್ನೊಂದು ಹೂವು. ಉತ್ತರ ಪತ್ರಿಕೆ ತಿದ್ದುತ್ತ ಕೂತಾಗ ಕೆಳಗೆ ಎಷ್ಟು ದೊಡ್ಡ ಹೂವು ಮೂಡುತ್ತಿದೆ ಎಂದು ಊಹಿಸುವುದು ನನ್ನ ಆಟವಾಯಿತು. ಸರಿಯೋ ತಪ್ಪೋ ಎಂದು ಕೆಳಗಿಳಿದು ನೋಡುವ ಸಲಿಗೆ ಮಾತ್ರ ನನಗಿರಲಿಲ್ಲ. ನಾನು ಬೇಗ ಬೆರೆಯುವವಳಲ್ಲ.

ಯಂತ್ರ ಮನೆಯೊಡತಿಯದು. ಓಣಿಯವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಗಂಡ ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋಗುತ್ತಾರೆ. ಮುಂದಿನ ಕೋಣೆಯೇ ಆಪಾ ಅವರ ಅಂಗಡಿ. ಬ್ಲೌಸಿನ ತೋಳು, ಬುರ್ಖಾದ ಅಂಚು, ದುಪಟ್ಟಾ, ತೊಟ್ಟಿಲ ಬಟ್ಟೆ, ಎಲ್ಲದಕ್ಕೂ ಅಲ್ಲಿ ಹೂವು ಹಾಕಿಕೊಡುತ್ತಾರೆ. ಯಂತ್ರವನ್ನು ಬೇರೆಯವರು ಬಳಸಿ ಬಿಟ್ಟ ಮೇಲೆ ಕೊಂಡದ್ದು. ಅದಕ್ಕೆ ಹೂವಿನ ನಕಾಶೆ ಕಳಿಸಲು ಒಂದು ಹಳೆಯ ಲ್ಯಾಪ್‌ಟಾಪ್. ಎರಡನ್ನೂ ತಂದು ಜೋಡಿಸಿದವನು ಕೊಪ್ಪಳದ ಒಬ್ಬ ಮಿಸ್ತ್ರಿ.

ಒಂದು ದಿನ ನನ್ನದೇ ಬ್ಲೌಸಿನ ಬಟ್ಟೆ ಕೊಡಲು ಕೆಳಗಿಳಿದೆ. ಆಪಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಹೂವನ್ನು ಆರಿಸಿ ಒತ್ತಿದ ಕೂಡಲೇ ಪರದೆಯ ಮೇಲೊಂದು ಚೌಕ ಎದ್ದಿತು. ಏನಾದರೂ ಮಾಡುವ ಮೊದಲು ಹೀಗೆ ಮಾಡಲೇ, ಹಾಗೆ ಮಾಡಲೇ ಎಂದು ಕಂಪ್ಯೂಟರ್ ಕೇಳುತ್ತದಲ್ಲ, ಆ ಡೈಲಾಗ್ ಬಾಕ್ಸ್. ಆಪಾ ಅದನ್ನು ಡಬ್ಬಿ ಅನ್ನುತ್ತಿದ್ದರು. ಅಕ್ಷರಗಳು ಕಡಲೆಕಾಳಿನಷ್ಟು ದಪ್ಪವಾಗಿದ್ದವು. ಡಬ್ಬಿ ಪರದೆಯ ಮೇಲಂಚಿನಿಂದ ಶುರುವಾಗಿ ಕೆಳಗಂಚಿನಲ್ಲಿ ಮುಗಿಯದೆ ಹಾಗೇ ಮುಳುಗಿಹೋಗಿತ್ತು. ಕೊನೆಗೆ ಕಾಣುತ್ತಿದ್ದ ಸಾಲಿನ ಅಕ್ಷರಗಳು ನೆತ್ತಿಯಷ್ಟೇ ತೋರಿಸುತ್ತಿದ್ದವು. ‘ಸರಿ’ ಎನ್ನುವ ಗುಂಡಿ, ‘ಬೇಡ’ ಎನ್ನುವ ಗುಂಡಿ ಎಲ್ಲಿಯೂ ಇಲ್ಲ. ಆಪಾ ಅದನ್ನು ಓದಲೂ ಇಲ್ಲ. ಟಪ್ಪನೆ ಎಂಟರ್ ಒತ್ತಿದರು. ಡಬ್ಬಿ ಮಾಯವಾಯಿತು, ಯಂತ್ರ ಓಡತೊಡಗಿತು.

“ಆಪಾ, ಆ ಡಬ್ಬಿ ಕೆಳಗ ಇನ್ನೂ ಐತಲ್ರಿ, ಅಲ್ಲೇನೈತಿ?” ಎಂದು ಕೇಳಿಬಿಟ್ಟೆ.

“ಯಾರಿಗ್ಗೊತ್ರಿ ಮೇಡಂ. ಕೆಳಗ ಟೇಬಲ್ ಐತಿ, ಟೇಬಲ್ ಕೆಳಗ ಬೆಕ್ಕ ಮಲಗೈತಿ” ಎಂದು ನಕ್ಕರು. “ಮಿಸ್ತ್ರಿ ಹೇಳ್ಯಾನ, ಡಬ್ಬಿ ಬಂದ್ರ ಎಂಟರ್ ಹೊಡೀರಿ, ಉಳಿದದ್ದು ಕೇಳಬ್ಯಾಡ್ರಿ ಅಂತ. ಅಂದಿಂದ ಹೊಡಕೋತ ಬಂದೀನಿ. ಒಮ್ಮೆನೂ ಸಿಟ್ಟಾಗಿಲ್ಲ ಅದು.”

“ಅಕ್ಷರ ಸಣ್ಣ ಮಾಡಿದ್ರ ಪೂರ್ತಿ ಕಾಣ್ತಿತ್ತೇನೋ.”

“ಅಕ್ಷರ ಸಣ್ಣ ಮಾಡಿದ್ರ ಡಬ್ಬಿ ಕಾಣ್ತೈತಿ, ನನಗ ಡಬ್ಬಿ ಕಾಣಂಗಿಲ್ಲ. ಚಷ್ಮಾ ಹಾಕ್ಕೋ ಅಂತಾರ ಇವರು. ಚಷ್ಮಾ ಹಾಕ್ಕೊಂಡು ಕುಂತ್ರ ಗಿರಾಕಿ, ಮುದುಕಿ ಕೈಯಾಗ ಬ್ಲೌಸ್ ಕೊಡಬ್ಯಾಡ್ರಿ ಅಂತ ಎದ್ದು ಹೋಗ್ತಾರ.”

ಲ್ಯಾಪ್‌ಟಾಪಿನಲ್ಲಿ ಏನನ್ನೂ ಬದಲಿಸಬಾರದು ಎನ್ನುವುದಕ್ಕೆ ಅವರಿಗೆ ಇನ್ನೊಂದು ಕಾರಣವೂ ಇತ್ತು. ಹಿಂದೊಮ್ಮೆ ಧೂಳು ಒರೆಸುವಾಗ ಯಾವ ಯಾವ ಕೀಲಿ ಒಟ್ಟಿಗೆ ಒತ್ತಿದವೋ, ಪರದೆಯ ಚಿತ್ರವೆಲ್ಲ ಅಡ್ಡ ತಿರುಗಿ ನಿಂತುಬಿಟ್ಟಿತ್ತಂತೆ. ಮಿಸ್ತ್ರಿಗೆ ಫೋನ್ ಮಾಡಿದರೆ ಇವತ್ತು ಬಂದೆ, ನಾಳೆ ಬಂದೆ. ಅವನು ಬರುವ ತನಕ ಕೆಲಸ ನಿಲ್ಲಿಸಲಾಗದೆ ಲ್ಯಾಪ್‌ಟಾಪನ್ನೇ ತೆರೆದ ಪುಸ್ತಕದ ಹಾಗೆ ಪಕ್ಕಕ್ಕೆ ನಿಲ್ಲಿಸಿ, ಬೀಳದಂತೆ ಅಕ್ಕಿ ಚೀಲಕ್ಕೆ ಒರಗಿಸಿ ದುಡಿದಿದ್ದರು. “ಮೌಸ್ ಮ್ಯಾಲೆ ಒಯ್ದ್ರ ಬಾಣ ಬಾಜೂಕ ಹೋಗ್ತಿತ್ತು. ಎರಡು ದಿನಕ್ಕ ಅದೂ ರೂಢಿ ಆತ್ರಿ” ಎಂದರು ಆಪಾ. ನನಗೆ ಆ ಮಾತು ಬಹಳ ಹಿಡಿಸಿತು. ಹಾಗೆ ನಿಂತ ಪರದೆಯಲ್ಲಿ ಡಬ್ಬಿ ಪೂರ್ತಿ ಕಂಡಿರಬೇಕಲ್ಲ ಎಂದು ಕೇಳಿದೆ. ಎತ್ತರದ ಪರದೆ, ಎತ್ತರದ ಡಬ್ಬಿ. ಆಪಾ “ಕಂಡಿರಬೇಕ್ರಿ. ಆದ್ರ ಅವಾಗ ನಾ ಕುತ್ತಿಗಿ ಸೊಟ್ಟ ಮಾಡಿಕೊಂಡು ಹೂವಷ್ಟ ನೋಡೀನಿ” ಎಂದರು.

ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಆಪಾ ಅವರ ಗಂಡನ ಅಕ್ಕ. ಮಕ್ಕಳಿಗೆ ಸೋದರತ್ತೆಯಾದ್ದರಿಂದ ಫುಪ್ಪಿ. ನಾನೂ ಫುಪ್ಪಿ ಎಂದೇ ಕರೆಯುತ್ತಿದ್ದೆ. ಯಲಬುರ್ಗಾಕ್ಕೆ ಮದುವೆಯಾಗಿ ಹೋಗಿದ್ದವರು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ನಾಲ್ಕು ದಿನ ಇದ್ದು ಹೋಗಲು ಬಂದಿದ್ದರು. ಆಗ ಈ ಯಂತ್ರವೂ ಹೊಸದಾಗಿ ಬಂದಿತ್ತು. ಯಂತ್ರ ಒಂದು ಹೂವು ಮುಗಿಸಿ ಇನ್ನೊಂದಕ್ಕೆ ಹಾರುವಾಗ ನಡುವೆ ದಾರವನ್ನು ಹಾಗೇ ಎಳೆದುಕೊಂಡು ಹೋಗುತ್ತದೆ. ಬಟ್ಟೆ ಹೊರಬಂದಾಗ ಹೂವಿನಿಂದ ಹೂವಿಗೆ ದಾರಗಳು ಬಲೆಯಂತೆ ಹರಡಿರುತ್ತವೆ. ಅವನ್ನೆಲ್ಲ ಕೈಯಿಂದ ಕತ್ತರಿಸಬೇಕು. ಫುಪ್ಪಿ ಆ ಕೆಲಸ ಹಿಡಿದರು. ಒಳಕೋಣೆಯ ಕಿಟಕಿಯ ಹತ್ತಿರ, ಮೂತಿ ಬಾಗಿದ ಸಣ್ಣ ಕತ್ತರಿ ಹಿಡಿದು ದಿನವಿಡೀ ಕೂರುತ್ತಿದ್ದರು. ಪಕ್ಕದ ಬುಟ್ಟಿಯಲ್ಲಿ ಬಣ್ಣಬಣ್ಣದ ದಾರದ ತುಣುಕು ಹತ್ತಿಯಂತೆ ಉಬ್ಬಿರುತ್ತಿತ್ತು.

ಅವರಿಗೆ ಯಲಬುರ್ಗಾದಿಂದ ಆಗಾಗ ಫೋನ್ ಬರುತ್ತಿತ್ತು. ಗಂಡನ ತಮ್ಮನದು. ಗಂಡಸರೇ ತುಂಬಿದ ಮನೆ ಅದು, ರೊಟ್ಟಿ ಬಡಿಯುವ ಕೈ ಬೇಕಾಗಿತ್ತು. ಫೋನಿನ ಆಚೆಯ ಮಾತು ನನಗೆ ಕೇಳುತ್ತಿರಲಿಲ್ಲ, ಈಚೆಯ ಉತ್ತರ ಮಾತ್ರ ಯಾವಾಗಲೂ ಒಂದೇ.

“ಬರ್ತೀನಪ್ಪಾ, ಯಾಕ ಬರಂಗಿಲ್ಲ. ದಾರ ಭಾಳ ಬಿದ್ದೈತಿ. ಇಷ್ಟು ದಾರ ಮುಗೀಲಿ.”

ದಾರ ಮುಗಿಯುವುದುಂಟೆ? ಒಂದು ರಾಶಿ ಇಳಿಯುವಷ್ಟರಲ್ಲಿ ಯಂತ್ರ ಇನ್ನೊಂದನ್ನು ಹಾಕುತ್ತಿತ್ತು. ನಾಲ್ಕು ದಿನ ವರ್ಷಗಳಾಗಿದ್ದವು. ನನ್ನ ತಾಯಿ ಕೊಪ್ಪಳದಿಂದ ಫೋನ್ ಮಾಡಿ ಯಾವಾಗ ಬರುತ್ತೀ ಎಂದಾಗ ನಾನು ಪೇಪರ್ ತಿದ್ದುವುದಿದೆ ಎನ್ನುತ್ತಿದ್ದೆ. ಹಾಗಾಗಿ ಫುಪ್ಪಿಯ ಉತ್ತರ ಕೇಳಿದಾಗಲೆಲ್ಲ ನಾನು ತಲೆ ತಗ್ಗಿಸಿ ಬೇರೆ ಕಡೆ ನೋಡುತ್ತಿದ್ದೆ.

ಡಬ್ಬಿಯ ಕೆಳಭಾಗ ನನ್ನ ತಲೆಯಿಂದ ಹೋಗಲಿಲ್ಲ. ಅದರಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ, ಸುಮ್ಮನೆ ಕುತೂಹಲ. ಪ್ರತಿದಿನ ನೋಡುವ ವಸ್ತುವಿನ ಅರ್ಧ ಭಾಗವನ್ನು ಯಾರೂ ನೋಡಿಲ್ಲ, ಆದರೂ ಆ ಅರ್ಧ ಅಲ್ಲೇ ಇದ್ದು ತನ್ನ ಕೆಲಸ ಮಾಡುತ್ತಲೇ ಇದೆ. ನಾವು ಒತ್ತುವ ಎಂಟರ್ ಅಲ್ಲಿ ಯಾವುದೋ ಪ್ರಶ್ನೆಗೆ ಹೌದು ಅನ್ನುತ್ತಿದೆ. ಯಾವ ಪ್ರಶ್ನೆಗೆ?

ಒಂದು ಮಧ್ಯಾಹ್ನ ಕಾಲೇಜಿಗೆ ರಜೆ. ಆಪಾ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಖುಷಿಯಲ್ಲಿದ್ದರು. ಅಕ್ಷರದ ಗಾತ್ರ ಮುಟ್ಟುವುದಿಲ್ಲ, ಏನನ್ನೂ ಅಡ್ಡ ತಿರುಗಿಸುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಕುರ್ಚಿ ಬಿಟ್ಟುಕೊಟ್ಟರು.

ಮೊದಲು ಮೌಸಿನಿಂದ ಡಬ್ಬಿಯ ತಲೆ ಹಿಡಿದು ಮೇಲಕ್ಕೆ ನೂಕಿದೆ. ಬಿಟ್ಟ ಕೂಡಲೇ ಅದು ಪುಟಿದು ಮೊದಲಿನ ಜಾಗಕ್ಕೇ ಬಂದು ನಿಂತಿತು. ಡಬ್ಬಿಯ ಅಂಚು ಹಿಡಿದು ಕುಗ್ಗಿಸಲು ನೋಡಿದೆ, ಕುಗ್ಗಲಿಲ್ಲ. ಆಮೇಲೆ ಟ್ಯಾಬ್ ಕೀಲಿ ಒತ್ತತೊಡಗಿದೆ. ಸಣ್ಣ ಚುಕ್ಕೆಗಳ ಚೌಕಟ್ಟೊಂದು ಒಂದೊಂದೇ ಸಾಲಿನ ಮೇಲೆ ಇಳಿಯುತ್ತ ಹೋಯಿತು. ಅಳತೆ, ಬಣ್ಣ, ವೇಗ. ನಂತರ ಪರದೆಯ ಅಂಚಿನಲ್ಲಿ ಮುಳುಗಿತು. ಒತ್ತುತ್ತಲೇ ಇದ್ದೆ. ಏನೂ ಕಾಣಲಿಲ್ಲ. ಇನ್ನೂ ಒತ್ತಿದೆ. ಅಷ್ಟರಲ್ಲಿ ಅದು ಮೇಲಿನ ಮೊದಲ ಸಾಲಿನಲ್ಲಿ ಮತ್ತೆ ಎದ್ದಿತು, ಕೆರೆಯಲ್ಲಿ ಮುಳುಗಿದವನು ಇನ್ನೊಂದು ದಡದಲ್ಲಿ ತಲೆ ಎತ್ತಿದ ಹಾಗೆ. ಎಷ್ಟು ಒತ್ತುಗಳ ಕಾಲ ಕಾಣೆಯಾಗಿತ್ತು ಎಂಬುದರಿಂದ ಕೆಳಗೆ ಎಷ್ಟು ಸಾಲು ಇರಬಹುದೆಂದು ಲೆಕ್ಕ ಹಾಕಿದೆ. ಎರಡು ಗುಂಡಿ ಕಳೆದರೂ ಕೆಲವು ಪ್ರಶ್ನೆಗಳು ಉಳಿಯುತ್ತಿದ್ದವು. ಕಾಣದ್ದನ್ನು ಕಂಡದ್ದರಿಂದ ಅಂದಾಜು ಮಾಡುವುದನ್ನೇ ತರಗತಿಯಲ್ಲಿ ಕಲಿಸುತ್ತೇನೆ. ಅಲ್ಲಿ ಹೇಳುವಾಗ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

“ಏನ್ರಿ ಮೇಡಂ, ಒಬ್ಬಾಕಿನ ನಗಾಕತ್ತೀರಿ” ಎಂದರು ಆಪಾ.

“ಕೆಳಗ ಪ್ರಶ್ನಿ ಅದಾವ್ರಿ.”

“ಇರ್ಲಿ ಬಿಡ್ರಿ ಪಾಪ. ನಮಗೇನು ಕೂಳು ಕೇಳ್ತಾವೇನು.”

ಕೊನೆಗೆ ನನ್ನ ಫೋನಿನಲ್ಲಿ ಹುಡುಕಿದೆ. ಇದು ಪರದೆ ಸಣ್ಣದಿರುವವರಿಗೆಲ್ಲ ಬರುವ ತೊಂದರೆ ಎಂದು ಗೊತ್ತಾಯಿತು. ಎಲ್ಲೆಲ್ಲಿಯೋ ಇರುವ ಅಪರಿಚಿತರು ಇದೇ ಅರ್ಧ ಡಬ್ಬಿಯ ಮುಂದೆ ಕೂತು ಬೈದುಕೊಂಡಿದ್ದರು. ಅವರಲ್ಲೊಬ್ಬರು ದಾರಿ ಹೇಳಿದ್ದರು. ಆಲ್ಟ್ ಕೀಲಿ ಹಿಡಿದು ಸ್ಪೇಸ್ ಒತ್ತಬೇಕು, ಸಣ್ಣ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಆಗ ಎಂ ಒತ್ತಬೇಕು. ಆಮೇಲೆ ಮೇಲ್ಮುಖದ ಬಾಣದ ಕೀಲಿ. ಮೌಸಿಗೆ ಬಗ್ಗದ ಡಬ್ಬಿ ಬಾಣಕ್ಕೆ ಬಗ್ಗುತ್ತದೆಯಂತೆ.

ಬಗ್ಗಿತು. ಒಂದೊಂದು ಒತ್ತಿಗೂ ಅದು ಮೇಲೆ ಸರಿಯಿತು. ತಲೆ ಪರದೆಯಿಂದಾಚೆ ಹೋಯಿತು, ಪಾದ ಕಾಣತೊಡಗಿತು. ಬಾವಿಯಿಂದ ಕೊಡ ಎಳೆದ ಹಾಗೆ ನಿಧಾನಕ್ಕೆ ಎಳೆದೆ. ಆಪಾ ಎಲೆ ಅಗಿಯುವುದನ್ನು ನಿಲ್ಲಿಸಿ ನನ್ನ ಭುಜದ ಮೇಲಿಂದ ಬಗ್ಗಿದರು.

ಕೆಳಗೆ ನಾಲ್ಕಾರು ಸಾಲುಗಳಿದ್ದವು. ಒಂದರ ಮುಂದೆ ಖಾಲಿ ಚೌಕ. ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಓದಿ ಕನ್ನಡದಲ್ಲಿ ಹೇಳಿದೆ. “ಒಂದು ಹೂವಿನಿಂದ ಇನ್ನೊಂದಕ್ಕ ಹೋಗೂವಾಗ ದಾರ ಕತ್ತರಿಸಲೇನು ಅಂತ ಕೇಳಾಕತ್ತೈತ್ರಿ.”

“ಯಾರು ಕತ್ತರಿಸೋರು?”

“ಮಷೀನ್.”

“ಮಷೀನಿಗೆ ಕತ್ತರಿ ಎಲ್ಲೈತ್ರಿ?”

ಇತ್ತು. ಸೂಜಿ ಇಳಿಯುವ ತಗಡಿನ ಕೆಳಗೆ, ಧೂಳು ಮತ್ತು ಎಣ್ಣೆಯ ನಡುವೆ, ಉಗುರಿನಷ್ಟು ಅಲಗು. ಅದನ್ನು ಒರೆಸಿ, ಚೌಕದಲ್ಲಿ ಗುರುತು ಹಾಕಿ, ಒಂದು ಚಿಂದಿ ಬಟ್ಟೆಯ ಮೇಲೆ ಓಡಿಸಿದೆವು. ಹೂವು ಮುಗಿಯಿತು. ನನಗೆ ಅಂಗಾಲಿನಿಂದ ಪರಿಚಯವಿದ್ದ ಆ ಕ್ಷಣದ ಬಿಡುವು ಬಂತು. ಈ ಸಲ ಬಿಡುವಿನೊಳಗೆ ‘ಕಟಕ್’ ಎಂದಿತು. ದಾರ ತುಂಡಾಗಿತ್ತು. ಯಂತ್ರ ಖಾಲಿ ಜಾಗವನ್ನು ದಾಟಿ ಇನ್ನೊಂದು ಹೂವಿಗೆ ಕೂತಿತು.

ಸದ್ದು ಬದಲಾದದ್ದು ಕೇಳಿ ಫುಪ್ಪಿ ಒಳಗಿನಿಂದ ಬಂದರು. ಕೈಯಲ್ಲಿ ಕತ್ತರಿ ಹಾಗೇ ಇತ್ತು.

“ಮಷೀನ್ ಯಾಕ ಹಂಗ ಕೆಮ್ಮಾಕತ್ತೈತಿ?”

“ಕೆಮ್ಮಲ್ಲ ಫುಪ್ಪಿ, ನಿಮ್ಮ ಕೆಲಸ ಅದು ಮಾಡಾಕತ್ತೈತಿ!” ಆಪಾ ಅವರ ದನಿ ಏರಿತ್ತು. “ಮೇಡಂ ಡಬ್ಬಿ ಎತ್ಯಾರ. ಇನ್ನ ನೀವು ಕಣ್ಣು ಕೆಡಿಸಿಕೊಳ್ಳೂದು ಬ್ಯಾಡ. ಆರಾಮ ಕುಂದರ್ರಿ.”

ಅವರಿಬ್ಬರೂ ತಮ್ಮೊಳಗೆ ದಖನಿ ಉರ್ದುವಿನಲ್ಲಿ ಮಾತಾಡುವವರು, ನನ್ನೆದುರು ಮಾತ್ರ ಕನ್ನಡ. ಫುಪ್ಪಿ ಕತ್ತರಿಯನ್ನು ಎಡಗೈಗೆ ಬದಲಿಸಿದರು. ಚಿಂದಿಯನ್ನು ತೆಗೆದುಕೊಂಡು ಹೂವುಗಳ ನಡುವಿನ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಮಡಚಿ ಆಪಾ ಅವರ ಕೈಗೆ ಕೊಟ್ಟು ಒಳಗೆ ಹೋದರು.

ಮುಂದಿನ ದಿನಗಳಲ್ಲಿ ಕಟಕ್ ಸದ್ದು ನನ್ನ ಅಂಗಾಲಿಗೂ ಬಂತು. ಕಿಟಕಿಯ ಹತ್ತಿರದ ರಾಶಿ ಇಳಿಯಿತು, ಮತ್ತೆ ಏರಲಿಲ್ಲ. ಬುಟ್ಟಿಯನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿದ್ದರು. ಒಂದು ಸಂಜೆ ನಾನು ಮಾಳಿಗೆಯ ಮೇಲೆ ಒಣಗಿದ ಬಟ್ಟೆಯಿಂದ ಗಿರಣಿಯ ಹೊಟ್ಟು ಕೊಡವುತ್ತಿದ್ದೆ. ಫುಪ್ಪಿ ಮೆಟ್ಟಿಲು ಹತ್ತಿ ಬಂದರು. ಅವರು ಮೇಲೆ ಬಂದದ್ದು ಅದೇ ಮೊದಲು.

“ಒಂದು ಕೇಳ್ಲೇನ್ರಿ ಮೇಡಂ?” ಎಂದರು. “ಆ ಡಬ್ಬಿ ಮತ್ತ ಕೆಳಗ ಇಳಸಾಕ ಬರ್ತೈತೇನು?”

ನನಗೆ ಆಗ ಪೂರ್ತಿ ಅರ್ಥವಾಗಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವ ನನ್ನ ಅಭ್ಯಾಸದಂತೆ ಹೇಳಿದೆ. “ಇಳಿಸೂದು ಬ್ಯಾಡ್ರಿ ಫುಪ್ಪಿ, ಪ್ರತಿ ಸಲ ಅದು ಕೆಳಗ ಇಳದ ಬರ್ತೈತಿ. ಆದ್ರ ಒಳಗ ಹಾಕಿದ ಗುರುತು ಹಂಗ ಉಳೀತೈತಿ. ಕಾಣಲಿ, ಬಿಡಲಿ.”

“ಹೌದೇನು” ಎಂದರು. ಒಣಗಿದ ಒಂದು ಟವೆಲ್ ತೆಗೆದು ಅವರೇ ಕೊಡವಿ ಮಡಚಿದರು. “ಮೈದುನ ಫೋನ್ ಮಾಡಿದ್ದ. ಐತವಾರ ಬಜಾರಕ್ಕ ಬರ್ತಾನಂತ, ಹಂಗ ನನ್ನ ಕರಕೊಂಡು ಹೋಗ್ತಾನಂತ. ದಾರ ಮುಗಿತೇನು ಅಂದ. ಸುಳ್ಳು ಹೇಳಾಕ ಬಾಯಿ ಬರಲಿಲ್ಲ.”

“ನಿಮ್ಮ ತಮ್ಮನ ಮನಿ ಅಲ್ರಿ ಇದು? ಇರ್ರಿ ಅಂತಾರ.”

“ಅಂತಾನ. ಅಂವ ಅಂತಾನ, ದುಲ್ಹನ್‌ನೂ ಅಂತಾಳ.” ತಮ್ಮನ ಹೆಂಡತಿಯನ್ನು, ಮಕ್ಕಳು ಎತ್ತರಕ್ಕೆ ಬೆಳೆದ ಮೇಲೂ, ಅವರು ದುಲ್ಹನ್, ಅಂದರೆ ಮದುಮಗಳು, ಎಂದೇ ಕರೆಯುತ್ತಿದ್ದರು. “ಆದ್ರ ಕೈ ಖಾಲಿ ಇಟ್ಟುಕೊಂಡು ತಾಟಿನ ಮುಂದ ಹೆಂಗ ಕುಂದ್ರೂದು? ಕೆಲಸ ಇದ್ರ ಇರೂದು ಸಸಾರ. ಅಲ್ಲಿ ಹೋದ್ರ ಕೆಲಸಕ್ಕೇನೂ ಬರ ಇಲ್ಲ, ಒಲಿ ಆರೂದ ಇಲ್ಲ. ಆದ್ರ ಕಿಟಕಿ ಇಲ್ಲ ನೋಡ್ರಿ.”

ಅವರು ಇಳಿದು ಹೋದ ಮೇಲೆ ನಾನು ಉಳಿದ ಬಟ್ಟೆ ಮಡಚಿದೆ. ಡಬ್ಬಿಯನ್ನು ಎತ್ತುವಾಗ ಅದರ ಜೊತೆ ಇನ್ನೇನು ಕದಲುತ್ತದೆ ಎಂದು ನಾನು ಅಂದಾಜು ಹಾಕಿರಲಿಲ್ಲ.

ಶನಿವಾರ ಕುಷ್ಟಗಿಯಿಂದ ಗಿರಾಕಿಗಳು ಬಂದರು. ದಾಳಿಂಬೆ ತೋಟದವರು. ಮಗಳ ಮದುವೆಗೆ ಬ್ಲೌಸು ಹಾಕಿಸಿದ್ದರು. ಹಿರಿಯ ಮಗಳ ಮದುವೆಗೂ ಇಲ್ಲೇ ಹಾಕಿಸಿದ್ದರಂತೆ, ಅದನ್ನು ನೋಡಿದ ಬೀಗರೂ ಹೊಗಳಿದ್ದರಂತೆ. ಮದುಮಗಳ ತಾಯಿ ತೋಳಿನ ಬಟ್ಟೆಯನ್ನು ತೊಡೆಯ ಮೇಲೆ ಹರಡಿ ಅತ್ತ ಇತ್ತ ತಿರುಗಿಸಿದರು. ನಾನು ನನ್ನ ಬ್ಲೌಸು ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದೆ.

“ಹೂವು ಛಲೋ ಅದಾವ್ರಿ ಆಪಾ. ಬಳ್ಳಿ ಎಲ್ಲಿ ಹೋತು?”

“ಯಾವ ಬಳ್ಳಿರಿ ಅಕ್ಕಾರ? ಹೋದ ಸಲದ ಡಿಸೈನ ಐತಿದು. ಅದ ಹೂವು, ಅದ ಬಣ್ಣ.”

“ಬಳ್ಳಿ ಇತ್ರಿ. ಈ ಹೂವಿಂದ ಆ ಹೂವಿಗೆ ಸಣ್ಣಗ ಹೋಗಿತ್ತು. ಈಗ ನೋಡ್ರಿ, ಜಗಳ ಆಡಿದೋರಂಗ ಒಂದೊಂದು ಒಂದೊಂದು ಮೂಲ್ಯಾಗ ಕುಂತಾವು.”

ಹಿರಿಯ ಮಗಳು ಚೀಲದಿಂದ ತನ್ನ ಹಳೆಯ ಬ್ಲೌಸು ತೆಗೆದಳು. ಮಾದರಿಗೆ ಇರಲಿ ಎಂದು ತಂದಿದ್ದಳು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರು. ಹಳೆಯದರಲ್ಲಿ ಹೂವಿನಿಂದ ಹೂವಿಗೆ ಒಂದೇ ಎಳೆಯ ಬಳ್ಳಿ ಸ್ವಲ್ಪ ಬಾಗಿ, ಬಳುಕಿ ಹೋಗಿತ್ತು. ಎಲ್ಲ ಹೂವಿಗೂ ಅಲ್ಲ, ಕೆಲವಕ್ಕೆ ಮಾತ್ರ. ಹೊಸದರಲ್ಲಿ ಹೂವುಗಳು ಅಚ್ಚುಕಟ್ಟಾಗಿ ಬಿಡಿಬಿಡಿಯಾಗಿದ್ದವು.

ಆಪಾ ಲ್ಯಾಪ್‌ಟಾಪಿನಲ್ಲಿ ನಕಾಶೆ ತೆಗೆದರು, ಹಿಗ್ಗಿಸಿದರು. ಬಳ್ಳಿ ಇರಲಿಲ್ಲ. ಇನ್ನೂ ಹಿಗ್ಗಿಸಿದರು. “ಇತ್ತಲ್ರಿ, ನನಗೂ ನೆನಪೈತಿ. ನನ್ನ ಎಲ್ಲಾ ಬ್ಲೌಸಿಗೂ ಇರ್ತೈತಿ” ಎಂದು ನನ್ನತ್ತ ತಿರುಗಿದರು. “ಮೇಡಂ, ಡಬ್ಬಿ ಎತ್ತಿದಾಗ ಏನರ ಬಿದ್ದು ಹೋತೇನ್ರಿ?”

ನಾನು ಹಳೆಯ ತೋಳನ್ನು ಕೇಳಿ ತೆಗೆದುಕೊಂಡು ಒಳಮಗ್ಗಲು ತಿರುಗಿಸಿದೆ. ಹೂವಿನ ಹಿಂದೆ ಯಂತ್ರದ ದಟ್ಟ ಬಿಳಿ ಹೊಲಿಗೆ. ಬಳ್ಳಿಯ ಹಿಂದೆ ಅದಿಲ್ಲ. ಅಲ್ಲಿ ಅಷ್ಟಷ್ಟು ದೂರಕ್ಕೆ ಒಂದೊಂದು ಚುಕ್ಕೆ, ಸಾಸಿವೆಗಿಂತ ಸಣ್ಣದು. ಕೈ ಹೊಲಿಗೆ. ನನಗೆ ನಿಧಾನವಾಗಿ ಹೊಳೆಯಿತು. ಬಳ್ಳಿಯೆಂದರೆ ಯಂತ್ರ ಎಳೆದುಕೊಂಡು ಹೋದ ಅದೇ ದಾರ. ಬಟ್ಟೆಯನ್ನು ಬಿಗಿದಿಡುವ ಯಂತ್ರದ ಚೌಕಟ್ಟಿನಿಂದ ಬಿಚ್ಚಿದ ಮೇಲೆ ಆ ದಾರ ಸ್ವಲ್ಪ ಸಡಿಲ ಬೀಳುತ್ತದೆ. ಸಡಿಲವನ್ನು ಯಾರೋ ಬಾಗಿಸಿ ಕೂರಿಸಿದ್ದರು.

“ಫುಪ್ಪಿನ್ನ ಕರೀರಿ” ಎಂದೆ.

ಫುಪ್ಪಿ ಒಳಗೆ ತಮ್ಮ ಬಟ್ಟೆ ಚೀಲಕ್ಕೆ ತುಂಬುತ್ತಿದ್ದರು. ಸೆರಗು ಸರಿಪಡಿಸಿಕೊಳ್ಳುತ್ತ ಬಂದು, ಎಲ್ಲರ ಮುಖ ನೋಡಿ, ತೋಳನ್ನು ನೋಡಿದರು.

“ಇದು ನೀವೇನ್ರಿ ಮಾಡಿದ್ದು?” ಎಂದರು ಆಪಾ.

“ನಾ ಏನ್ ಮಾಡೀನಿ? ದಾರ ಇತ್ತು.” ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಅವರ ದನಿ ಇಳಿಯಿತು. “ಕತ್ತರಿಸಿ ಕತ್ತರಿಸಿ ಬ್ಯಾಸರಾಗಿತ್ತು. ಇಷ್ಟು ಛಲೋ ದಾರ ಎಲ್ಲಾ ಕಸಕ್ಕ ಹಾಕೂದು ಯಾಕಂತ ಒಂದೆರಡು ಬಿಟ್ಟೆ. ಬಿಟ್ಟದ್ದು ಜೋತಾಡ್ತಿತ್ತು, ಸೂಜೀಲೆ ಟಾಕಿ ಹಾಕ್ದೆ.”

“ಎಷ್ಟು ದಿನದಿಂದ?”

“ಸುರುವಿನಿಂದ.”

“ಒಂದು ಮಾತು ನನಗ ಹೇಳಬಾರದಾ?”

“ನೀ ಕೇಳಿದ್ದೆಲ್ಲಿ ದುಲ್ಹನ್? ಗಿರಾಕಿ ಬಂದ್ರ, ಈ ಬಳ್ಳಿ ಡಿಸೈನ್ ಸೀದಾ ಹೈದರಾಬಾದಿಂದ ಬಂದೈತಿ ಅಂತಿದ್ದಿ. ನಾ ಯಾಕ ಹೈದರಾಬಾದಿನ ಮರ್ಯಾದಿ ಕಳೀಲಿ?”

ಕುಷ್ಟಗಿಯ ತಾಯಿ ಬಾಯಿಗೆ ಸೆರಗು ಹಿಡಿದು ನಕ್ಕರು. ಅವರ ಹಿರಿಯ ಮಗಳು ಜೋರಾಗಿಯೇ ನಕ್ಕಳು. “ಆಪಾ, ನಾ ನಮ್ಮ ಅತ್ತಿ ಮುಂದ ಹೈದರಾಬಾದ್ ಅಂತ ಹೇಳೀನಿ ನೋಡ್ರಿ!” ಆಪಾ ಅವರ ಮುಖ ಕೆಂಪಾಗಿತ್ತು. ನಗು ತಡೆಯುತ್ತಿದ್ದರೋ ಸಿಟ್ಟು ತಡೆಯುತ್ತಿದ್ದರೋ ತಿಳಿಯಲಿಲ್ಲ. ಕೊನೆಗೆ ನಗುವೇ ಗೆದ್ದಿತು.

“ಹೈದರಾಬಾದ್ ಒಳಗಿನ ಕೋಣ್ಯಾಗ ಕುಂತಿತ್ರಿ ಅಕ್ಕಾರ, ನನಗ ಗೊತ್ತಿರಲಿಲ್ಲ” ಎಂದರು. “ಇವನ್ನು ಬಿಟ್ಟು ಹೋಗ್ರಿ. ಹೊಸಾ ತೋಳು ಹಾಕಿ, ಬಳ್ಳಿ ಹಬ್ಬಿಸಿ ಕೊಡ್ತೀವಿ.”

ಅವರು ಹೋದ ಮೇಲೆ ಆಪಾ ಲ್ಯಾಪ್‌ಟಾಪಿನ ಮುಂದೆ ಕೂತರು. ಡಬ್ಬಿ ಎಂದಿನಂತೆ ಅರ್ಧ ಮುಳುಗಿ ಬಂತು. ಬೆರಳು ಎಂಟರ್ ಕಡೆ ಹೋಗಿ ನಿಂತಿತು. “ಮೇಡಂ, ಎತ್ತಿ ಕೊಡ್ರಿ. ಆ ಗುರುತು ತೆಗೀಬೇಕು.”

ನಾನು ಮುಂದೆ ಬಂದೆ. ಅಷ್ಟರಲ್ಲಿ ಫುಪ್ಪಿ, “ಹೆಂಗ ಎತ್ತೂದು? ನನಗ ತೋರಸ್ರಿ” ಎಂದರು. ನಾನು ಕೀಲಿಗಳನ್ನು ಬೆರಳಿಂದ ತೋರಿಸಿದೆ, ಒತ್ತಿದವರು ಅವರು. ಕತ್ತರಿ ಹಿಡಿದು ಬಾಗಿದ ಹೆಬ್ಬೆರಳು ಆಲ್ಟ್ ಮೇಲೆ ಸರಿಯಾಗಿ ಕೂತಿತು. ಬಾಣ ಒತ್ತಿದಾಗ ಡಬ್ಬಿ ಕದಲಿದ್ದು ಕಂಡು ತಟ್ಟನೆ ಕೈ ತೆಗೆದರು. ಮತ್ತೆ ಇಟ್ಟರು. ಪಾದ ಕಾಣುವವರೆಗೆ ಎತ್ತಿ, ಗುರುತನ್ನು ತಾವೇ ಅಳಿಸಿದರು. ಆ ಮಧ್ಯಾಹ್ನ ಯಂತ್ರ ಕೆಮ್ಮಲಿಲ್ಲ.

ಮರುದಿನ ಐತವಾರ, ಫುಪ್ಪಿಯ ಮೈದುನ ಬಂದಾಗ ನಾನು ಮೆಟ್ಟಿಲ ಮೇಲಿದ್ದೆ. ಬಜಾರದ ಚೀಲಗಳನ್ನು ಬಾಗಿಲಲ್ಲಿ ಇಟ್ಟು, ಆಪಾ ಕೊಟ್ಟ ಚಹಾ ಕುಡಿದು, ಕಿಟಕಿಯ ಕಡೆ ಕೂಗಿ ಕೇಳಿದರು.

“ಏನ್ರಿ ಭಾಬಿ, ದಾರ ಮುಗಿತಲ್ಲ? ನಡೀರಿ ಮತ್ತ.”

“ಮುಗಿದಿತ್ತಪ್ಪಾ” ಎಂದರು ಫುಪ್ಪಿ ಒಳಗಿನಿಂದ. “ಮತ್ತ ಸುರು ಆಗೈತಿ.”

“ಇದೆಂಥಾ ದಾರರಿ! ನಮ್ಮ ಹೊಲದ ಕರಕಿ ಹುಲ್ಲು ಕಿತ್ತರೂ ಮುಗೀತೈತಿ.”

“ಭಾಯಿ, ಕುಷ್ಟಗಿ ಮದುವಿ ಕೆಲಸ ಹಿಡದೀವಿ” ಎಂದರು ಆಪಾ. “ಅವರಿಲ್ಲಂದ್ರ ಆಗಂಗಿಲ್ಲ. ಮದುವಿ ಆದ ಮ್ಯಾಲೂ ಆಗಂಗಿಲ್ಲ. ಮನ್ಯಾಗ ನಿಮ್ಮ ಹುಡುಗುರಿಗೆ ರೊಟ್ಟಿ ಬಡಿಯೂದು ಕಲಸ್ರಿ.” ಮೈದುನ ಕುರ್ಚಿಯ ಮೇಲಿದ್ದ ತೋಳನ್ನು ಎತ್ತಿ ನೋಡಿ, ಮೆಲ್ಲಗೆ ಅಲ್ಲೇ ಇಟ್ಟರು. ಅರ್ಧ ಬಳ್ಳಿ ಹಬ್ಬಿದ್ದ ತೋಳು ಅದು. ಹೊರಡುವಾಗ ಒಬ್ಬರೇ ಹೊರಟರು. ಫುಪ್ಪಿಯ ಬಟ್ಟೆಯ ಚೀಲ ಮತ್ತೆ ಗೂಟಕ್ಕೆ ಏರಿತು.

ಈಗ ಎಂಟರ್ ಹೊಡೆಯುವುದು ಆಪಾ, ಅದಕ್ಕೂ ಮೊದಲು ಡಬ್ಬಿ ಎತ್ತುವುದು ಫುಪ್ಪಿ. ಬುರ್ಖಾದ ಅಂಚಿಗೆ ಗುರುತು ಹಾಕುತ್ತಾರೆ, ಬ್ಲೌಸಿಗೆ ತೆಗೆಯುತ್ತಾರೆ. ಹಾಗಾಗಿ ನನಗೆ ಮೇಲೆ ಕೂತೇ ಕೆಳಗೆ ಏನು ತಯಾರಾಗುತ್ತಿದೆ ಎಂದು ಗೊತ್ತಾಗುತ್ತದೆ. ಕಟಕ್ ಎನ್ನದ ದಿನ ಬಳ್ಳಿಯ ದಿನ.

ಡಬ್ಬಿಯ ತೀರ ಕೆಳಗೆ, ಗುಂಡಿಗಳ ಮೇಲೆ, ಬೂದು ಬಣ್ಣದ ಒಂದು ಸಾಲು ಉಳಿದಿದೆ. ಒತ್ತಿದರೆ ಒಪ್ಪುವುದಿಲ್ಲ. ಅದರ ಅರ್ಥ ನಾನು ಹುಡುಕಿದೆ, ಎಲ್ಲಿಯೂ ಸಿಗಲಿಲ್ಲ. ಡಬ್ಬಿ ಎತ್ತಿದಾಗಲೆಲ್ಲ ಫುಪ್ಪಿ ಅದರ ಮೇಲೊಮ್ಮೆ ಬಾಣ ಒಯ್ದು ಒತ್ತಿ ನೋಡುತ್ತಾರೆ.

“ಇವತ್ತರ ಏನಂತೈತ್ರಿ?” ಎಂದು ನಾನು ಕೇಳುತ್ತೇನೆ.

“ಇನ್ನೂ ಬಾಯಿ ಬಿಟ್ಟಿಲ್ಲ” ಎನ್ನುತ್ತಾರೆ. “ಬಿಡ್ತೈತಿ ತಗೋರಿ. ನಾ ಎಲ್ಲೀಗೂ ಹೋಗಂಗಿಲ್ಲ.”